ಯಾರೂ ಇಲ್ಲದ ಮನೆಯ ಸಂಸಾರ

ಚಾವಿಯಪ್ಪನಿಗೆ ಈಗ ಎಪ್ಪತ್ತೆರಡು ವರ್ಷ. ಸಂಜೆ ಹೊತ್ತು ಹೆಂಡತಿಯ ಎದುರು ಕಾಲು ಚಾಚಿ ಕೂತರೆ ಇಬ್ಬರ ಮಾತೂ ಹಳೇ ಮನೆಗಳ ಕಡೆಗೇ ತಿರುಗುತ್ತದೆ. ಬೇರೆಯವರು ಹುಟ್ಟಿದ ಊರನ್ನು ನೆನೆಸಿಕೊಳ್ಳುವ ಹಾಗೆ ಇವರು ಫ್ಲಾಟುಗಳನ್ನು ನೆನೆಸಿಕೊಳ್ಳುತ್ತಾರೆ.

"ಮೂರನೇ ಮನೆ ಅಡುಗೆಮನೆ ಇತ್ತಲ್ಲ, ಆಹಾ! ಬೆಳಗಿನ ಬಿಸಿಲು ನೆಟ್ಟಗೆ ಕಟ್ಟೆ ಮೇಲೆ ಬೀಳ್ತಿತ್ತು," ಎನ್ನುತ್ತಾಳೆ ಅವಳು.

"ಅದು ಮೂರನೇದಲ್ಲ ಇವಳೇ, ನಾಲ್ಕನೇದು. ಮೂರನೇದ್ರಲ್ಲಿ ನಲ್ಲಿ ತಿರುಗಿಸಿದ್ರೆ ಹಾಡ್ತಿತ್ತು."

"ಹೌದೌದು, ನೀವು ಅದಕ್ಕೆ ದನಿಗೂಡಿಸ್ತಿದ್ರಿ. ನಲ್ಲೀನೇ ವಾಸಿ ಅನ್ನಿಸ್ತಿತ್ತು."

ಮದುವೆಯಾದ ಹೊಸದರಲ್ಲಿ ಹೆಸರು ಹಿಡಿದು ಕರೆಯಲು ನಾಚಿಕೆಪಟ್ಟು 'ಇವಳೇ' ಎಂದವನು ಇವತ್ತಿಗೂ ಹಾಗೇ ಕರೆಯುತ್ತಾನೆ. ಒಂದರಿಂದ ಎಂಟರವರೆಗಿನ ಮನೆಗಳ ಬಗ್ಗೆ ಇಬ್ಬರೂ ಎಷ್ಟು ಬೇಕಾದರೂ ಜಗಳವಾಡುತ್ತಾರೆ. ಒಂಬತ್ತನೇದರ ಬಗ್ಗೆ ಮಾತ್ರ ಜಗಳವಿಲ್ಲ.

ಹನ್ನೊಂದು ವರ್ಷದಲ್ಲಿ ಒಂಬತ್ತು ಮನೆ. ಒಂದಕ್ಕಿಂತ ಒಂದು ಚೆಂದ. ಹೊಳೆಯುವ ನೆಲ, ಗಾಜಿನ ಬಾಗಿಲು, ಲಿಫ್ಟು, ಒಂದರಲ್ಲಂತೂ ಸ್ನಾನಕ್ಕೆ ಮಲಗುವಂಥ ತೊಟ್ಟಿ. ಆ ಹನ್ನೊಂದು ವರ್ಷ ಒಂದಕ್ಕೂ ಅವರು ಬಾಡಿಗೆ ಕೊಡಲಿಲ್ಲ, ಒಂದರಲ್ಲೂ ಅವರು ಇದ್ದರು ಎನ್ನುವುದಕ್ಕೆ ಗುರುತು ಉಳಿಸಲಿಲ್ಲ. ಹಾಗಂತ ಕದ್ದು ಹೊಕ್ಕವರೇನಲ್ಲ. ಅಂಥ ಮಾತಾಡುವವರ ಬಾಯಿಗೆ ಬೀಗ ಹಾಕಬೇಕು.

ಮೂಲದಲ್ಲಿ ಅವನು ಬಣ್ಣ ಬಳಿಯುವವನು. ಫ್ಲಾಟು ಕಟ್ಟಿ ಮಾರುವ ಒಬ್ಬ ಯಜಮಾನರ ಹತ್ತಿರ ಕೆಲಸ. ಆ ಊರೋ, ಕಾಲಿಟ್ಟರೆ ದುಡ್ಡು, ಕಾಲೆತ್ತಿದರೆ ದುಡ್ಡು. ಪೇಂಟರನ ಸಂಬಳದಲ್ಲಿ ಬಾಡಿಗೆ ಕೊಟ್ಟರೆ ಊಟಕ್ಕಿಲ್ಲ, ಊಟ ಮಾಡಿದರೆ ಬಾಡಿಗೆಗಿಲ್ಲ. ಎರಡನ್ನೂ ಮಾಡುವವರು ಹೇಗೆ ಮಾಡುತ್ತಾರೆ ಎಂದು ಅವನು ತನ್ನಂಥ ಬಹಳ ಜನರನ್ನು ಕೇಳಿದ. 'ಹೇಗೋ ನಡೀತಿದೆ ಬಿಡಪ್ಪ' ಎಂದರೇ ಹೊರತು ಆ 'ಹೇಗೋ' ಏನೆಂದು ಒಬ್ಬರೂ ಬಿಡಿಸಿ ಹೇಳಲಿಲ್ಲ. ದೊಡ್ಡ ಮಗಳಿಗೆ ನಾಲ್ಕು ತುಂಬಿ ಚಿಕ್ಕವಳು ಹೊಟ್ಟೆಯಲ್ಲಿದ್ದಾಗ, ಇದ್ದ ಒಂದು ಕೋಣೆಯ ಬಾಡಿಗೆಯನ್ನೂ ಮಾಲೀಕ ಏರಿಸಿಬಿಟ್ಟ. ಹೆಂಡತಿ ಮಗುವನ್ನು ದೂರದ ಊರಿನ ಭಾವಮೈದುನನ ಮನೆಗೆ ಕಳಿಸಿ ತಾನು ಕೆಲಸದ ಜಾಗದಲ್ಲೇ ಬಿದ್ದುಕೊಳ್ಳುವುದೆಂದು ತೀರ್ಮಾನಿಸಿ, ಎರಡು ದಿನದ ರಜೆ ಕೇಳಲು ಯಜಮಾನರ ಎದುರು ನಿಂತ.

ಯಜಮಾನರು ಕೆಟ್ಟವರಲ್ಲ, ಆದರೆ ಸಂಬಳ ಏರಿಸುವ ಮಾತೆತ್ತಿದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. "ಅದೆಲ್ಲ ಯಾಕೆ? ಮೂರನೇ ಮಹಡೀಲಿ ಒಂದು ಮನೆ ಖಾಲಿ ಬಿದ್ದಿದೆ. ಮಾರಾಟ ಆಗೋವರೆಗೂ ಇದ್ಕೋ," ಎಂದರು. ಅವನು ಕೈಮುಗಿಯುವಷ್ಟರಲ್ಲಿ ಬೆರಳೆತ್ತಿದರು. "ಒಂದೇ ಮಾತು. ನೋಡೋಕೆ ಜನ ಬಂದಾಗ ಅಲ್ಲಿ ಯಾರೂ ಇದ್ದ ಹಾಗೆ ಕಾಣಬಾರ್ದು. ಹೊಸ ಮನೆ ಅಂದ್ರೆ ಹೊಸ ಮನೆ. ಒಂದು ಕೂದಲು ಸಿಕ್ಕಿದ್ರೂ ಅವತ್ತೇ ನಿನ್ನ ಗಂಟುಮೂಟೆ ಹೊರಗೆ."

ಹೀಗೆ ಅವನು ಖಾಲಿ ಮನೆಗಳ ಕಾವಲುಗಾರನಾದ. ಪಂಪು ಹಾಕುವುದು, ನಲ್ಲಿ ನೋಡುವುದು, ಕಿತ್ತುಬಂದ ಬಣ್ಣಕ್ಕೆ ಕೈಹಚ್ಚುವುದು, ಬಂದವರಿಗೆ ಬಾಗಿಲು ತೆಗೆಯುವುದು. ಸೊಂಟಕ್ಕೆ ದೊಡ್ಡ ಬಳೆಯಂಥ ಗೊಂಚಲು, ಅದರಲ್ಲಿ ನಲವತ್ತು ಚಿಲ್ಲರೆ ಬೀಗದ ಕೈ. ಕಣ್ಣುಮುಚ್ಚಿ ಸವರಿ ಯಾವ ಮನೆಯದು ಯಾವುದೆಂದು ಹೇಳುತ್ತಿದ್ದ. ಚಾವಿಯಪ್ಪ ಎಂಬ ಹೆಸರು ಬಂದದ್ದು ಹಾಗೆ. ಸ್ವಂತ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಇದ್ದೂ ಇಲ್ಲದ ಹಾಗೆ ಇರುವುದನ್ನು ಕಲಿಸಿದವಳು ಹೆಂಡತಿ. ಅವಳ ಕಾನೂನುಗಳು ಒಂದೆರಡಲ್ಲ. ಮನೆಯೊಳಗೆ ಚಪ್ಪಲಿ ಇಲ್ಲ. ಸ್ಟೌ ಇಡುವ ಕಡೆ ಹಳೇ ಪೇಪರು ನಾಲ್ಕು ಪದರ. ಶನಿವಾರ ಹುರಿಯುವುದು ಕರಿಯುವುದು ಬಂದ್, ಭಾನುವಾರ ಮನೆ ನೋಡಲು ಬಂದವರ ಮೂಗಿಗೆ ಬಣ್ಣದ ವಾಸನೆ ಬಿಟ್ಟು ಬೇರೆ ಏನೂ ಬಡಿಯಬಾರದು. ಎಲ್ಲಕ್ಕಿಂತ ಕಠಿಣವಾದದ್ದು ಗೋಡೆಯ ಕಾನೂನು. ಗೋಡೆಗೆ ಯಾರೂ ಒರಗುವಂತಿಲ್ಲ, ತಲೆಯ ಎಣ್ಣೆ ಅಂಟಿಬಿಟ್ಟರೆ ಮುಗಿಯಿತು. ಆದ್ದರಿಂದ ಸಂಜೆ ನಾಲ್ವರೂ ಕೋಣೆಯ ನಟ್ಟನಡುವೆ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ದೊಡ್ಡವಳು ಪಾಠ ಓದುವುದು ಅಪ್ಪನ ಬೆನ್ನಿಗೆ ಒರಗಿ, ಚಿಕ್ಕವಳು ತೂಕಡಿಸುವುದು ಅಮ್ಮನ ಬೆನ್ನಿಗೆ. ಒಬ್ಬರು ಎದ್ದರೆ ಇನ್ನೊಬ್ಬರು ಅಂಗಾತ ಬೀಳುತ್ತಿದ್ದರು, ಬಿದ್ದವರನ್ನು ನೋಡಿ ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಬೆನ್ನಿನ ಬಿಸಿ ಚಾವಿಯಪ್ಪನಿಗೆ ಇವತ್ತಿಗೂ ನೆನಪಿದೆ.

ಭಾನುವಾರ ಹತ್ತರಿಂದ ಒಂದರವರೆಗೆ ಮನೆ ತೋರಿಸುವ ಹೊತ್ತು. ಒಂಬತ್ತಕ್ಕೆಲ್ಲ ಹಾಸಿಗೆ ಸುತ್ತಿ, ಎರಡು ಟ್ರಂಕು, ನಾಲ್ಕು ಮೂಟೆ, ಸ್ಟೌ, ಕೊಡ, ಎಲ್ಲವೂ ಮೆಟ್ಟಿಲು ಹತ್ತಿ ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಸೇರುತ್ತಿದ್ದವು. ಹೆಂಡತಿ ಒದ್ದೆ ಬಟ್ಟೆ ಹಿಡಿದು ಒಳಗಿನ ಕೋಣೆಯಿಂದ ಬಾಗಿಲಿನವರೆಗೆ ಹಿಂದೆ ಹಿಂದೆ ಸರಿಯುತ್ತ ತನ್ನ ಹೆಜ್ಜೆಯನ್ನು ತಾನೇ ಒರೆಸಿಕೊಂಡು ಆಚೆ ಬರುತ್ತಿದ್ದಳು. ಆಮೇಲೆ ತಾಯಿ ಮಕ್ಕಳು ಟ್ಯಾಂಕಿನ ನೆರಳಲ್ಲಿ ಡಬ್ಬಿ ಬಿಚ್ಚಿ ಊಟ ಮಾಡುವುದು. ಲೋಕದ ಸಂಸಾರಗಳೆಲ್ಲ ಹೀಗೇ ಎಂದು ಚಿಕ್ಕವಳು ನಂಬಿದ್ದಳು. ಶಾಲೆಗೆ ಸೇರಿದ ವರ್ಷ ಗೆಳತಿಯೊಬ್ಬಳನ್ನು, "ಭಾನುವಾರ ನೀವು ನಿಮ್ಮನೇನ ಎಲ್ಲಿ ಎತ್ತಿಡ್ತೀರಾ?" ಎಂದು ಕೇಳಿ ಬಂದಿದ್ದಳು. ಅದನ್ನು ಕೇಳಿ ಅಪ್ಪ ಅಮ್ಮ ನಕ್ಕರು. ಆಮೇಲೆ ಹೆಂಡತಿ ಅಡುಗೆಮನೆಗೆ ಹೋಗಿ ಸೆರಗಲ್ಲಿ ಕಣ್ಣೊರೆಸಿಕೊಂಡದ್ದನ್ನು ಚಾವಿಯಪ್ಪ ಕಂಡೂ ಕಾಣದಂತಿದ್ದ.

ಗಿರಾಕಿಗಳನ್ನು ಕರೆತರುತ್ತಿದ್ದವನು ಯಜಮಾನರ ಮಾರಾಟದ ಆಸಾಮಿ. ಉರಿಬಿಸಿಲಲ್ಲೂ ಕೊರಳಿಗೆ ಟೈ ಬಿಗಿದಿರುತ್ತಿದ್ದರಿಂದ ಮಕ್ಕಳು ಅವನಿಗೆ ಟೈ ಮಾಮ ಎಂದು ಹೆಸರಿಟ್ಟಿದ್ದರು. "ನೋಡಿ ಸಾರ್, ಹೇಗೆ ಥಳಥಳ ಅಂತಿದೆ! ಒಂದು ನೊಣ ಕೂತಿಲ್ಲ ಇಲ್ಲಿ!" ಎಂದು ಅವನು ಕೈಬೀಸುವಾಗ ಚಾವಿಯಪ್ಪ ಬಾಗಿಲ ಬಳಿ ಕಲ್ಲಿನ ಹಾಗೆ ನಿಂತಿರುತ್ತಿದ್ದ. ಇವಳು ಎಷ್ಟು ಚೆನ್ನಾಗಿ ಒರೆಸುತ್ತಾಳೋ ಮನೆ ಅಷ್ಟು ಬೇಗ ಮಾರಾಟ. ಮಾರಾಟವಾದರೆ ಇನ್ನೊಂದು ಖಾಲಿ ಮನೆಗೆ ಸಾಗಬೇಕು. "ಸ್ವಲ್ಪ ಕೊಳೆ ಬಿಟ್ಟಿದ್ರೆ ಆ ಬಿಸಿಲಿನ ಅಡುಗೆಮನೆ ಇನ್ನೆರಡು ತಿಂಗಳು ನಂದೇ ಆಗ್ತಿತ್ತೇನೋ," ಎಂದು ಅವಳು ನಿಟ್ಟುಸಿರು ಬಿಡುತ್ತಿದ್ದಳು. ಆದರೆ ಕೊಳೆ ಬಿಡಲು ಅವಳ ಕೈ ಬಂದರೆ ತಾನೆ!

ಒಂಬತ್ತನೇ ಮನೆ ಎರಡನೇ ಮಹಡಿಯ ಮೂಲೆಯದು. ಎರಡು ಕೋಣೆ, ಒಂದು ಹಾಲ್. ಅದರ ಒಳಗೋಣೆಯ ಒಂದು ಗೋಡೆಗೆ ರೋಗವಿತ್ತು. ಮೇಲಿನ ಮನೆಯ ಪೈಪು ಎಲ್ಲೋ ಒಳಗೇ ಒಡೆದು, ಮಳೆಗಾಲ ಬಂದರೆ ಗೋಡೆ ನೆನೆದು, ಬಣ್ಣಕ್ಕೆ ಬೊಕ್ಕೆ ಎದ್ದು, ಬಿಳೀ ಉಪ್ಪು ಬಿಡುತ್ತಿತ್ತು. ಬಂದವರು ಮೂಗು ಮುರಿದು ಹೋಗುತ್ತಿದ್ದರು. ಬಿಸಿಲು ಬಿದ್ದೊಡನೆ ಚಾವಿಯಪ್ಪ ಯಜಮಾನರು ಹೇಳಿದಂತೆ ಕೆರೆದು, ಪುಟ್ಟಿ ಹಚ್ಚಿ, ಬಣ್ಣ ಬಳಿದು ಮುಚ್ಚುತ್ತಿದ್ದ. ಆ ರೋಗದ ಪುಣ್ಯದಿಂದ ಅವರು ಅಲ್ಲಿ ಎರಡೂವರೆ ವರ್ಷ ಇದ್ದರು. ಅಷ್ಟು ದಿನ ಒಂದೇ ಕಡೆ ಇದ್ದದ್ದು ಅದೇ ಮೊದಲು. ಕಿಟಕಿಯ ಅಗಲವಾದ ಕಟ್ಟೆಯೇ ದೊಡ್ಡವಳಿಗೆ ಓದುವ ಮೇಜಾಯಿತು. ಕೆಳಗಿನ ಅಂಗಡಿಯವನು ಚಿಕ್ಕವಳನ್ನು ಹೆಸರು ಹಿಡಿದು ಕರೆಯತೊಡಗಿದ. ಹೆಂಡತಿಯ ಬಾಯಲ್ಲಿ ಒಂದು ದಿನ ತಾನಾಗಿ 'ನಮ್ಮನೆ' ಎಂಬ ಮಾತು ಬಂತು. ಆಡಿದವಳೇ ನಾಲಗೆ ಕಚ್ಚಿಕೊಂಡಳು.

ದೊಡ್ಡವಳಿಗೆ ಅದು ಶಾಲೆಯ ಕೊನೇ ವರ್ಷ. ಪರೀಕ್ಷೆಗೆ ಇನ್ನು ಮೂರೂವರೆ ತಿಂಗಳು. ಆ ಕಟ್ಟಡದಲ್ಲಿ ಉಳಿದದ್ದು ಅದೊಂದೇ ಮನೆ, ಉಳಿದವೆಲ್ಲ ಹೋಗಿದ್ದವು. ಯಜಮಾನರ ಮುಂದಿನ ಕಟ್ಟಡ ಊರಾಚೆ, ಇನ್ನೂ ಬರೀ ಕಂಬ. ಈ ಮನೆ ಮಾರಾಟವಾದರೆ ಚಾವಿಯಪ್ಪ ಆ ಕಂಬಗಳ ಮಧ್ಯದ ಸಿಮೆಂಟ್ ಶೆಡ್ಡಿಗೆ, ಹೆಂಡತಿ ಮಕ್ಕಳು ಭಾವಮೈದುನನ ಊರಿಗೆ. ಪರೀಕ್ಷೆ ಕೈತಪ್ಪಿದರೆ ಮಗಳ ಓದೂ ಅಷ್ಟಕ್ಕೇ ಸರಿ. ಹನ್ನೊಂದು ವರ್ಷ ಉಸಿರು ಬಿಗಿಹಿಡಿದು ತಪ್ಪಿಸಿಕೊಂಡು ಬಂದದ್ದು ಮತ್ತೆ ಬಾಗಿಲಿಗೇ ಬಂದು ನಿಂತಿತ್ತು. "ಪರೀಕ್ಷೆ ಮುಗಿಯೋವರೆಗೆ ಯಾರೂ ತಗೊಳ್ದೇ ಇದ್ರೆ ಸಾಕು ಕಣ್ರೀ," ಎಂದು ಇವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಆದರೆ ಮಳೆಗಾಲ ಮುಗಿದಿತ್ತು, ಗೋಡೆ ಒಣಗಿತ್ತು, ಚಾವಿಯಪ್ಪ ಕೈಯಾರೆ ಬಳಿದ ಬಣ್ಣ ಹೊಸ ಮದುಮಗಳ ಹಾಗೆ ಮಿರಮಿರ ಮಿಂಚುತ್ತಿತ್ತು. ಯಜಮಾನರು ಬೆಲೆಯನ್ನೂ ಸ್ವಲ್ಪ ಇಳಿಸಿದ್ದರು.

ಆ ಭಾನುವಾರ ಬಂದದ್ದು ಒಬ್ಬಳೇ ಹೆಂಗಸು. ಅರವತ್ತರ ಆಸುಪಾಸು, ಹತ್ತಿಯ ಬಿಳಿ ಸೀರೆ, ಕೈಯಲ್ಲಿ ಕೊಡೆ. ದೊಡ್ಡಾಸ್ಪತ್ರೆಯಲ್ಲಿ ಮೂವತ್ತಾರು ವರ್ಷ ನರ್ಸಾಗಿದ್ದು ನಿವೃತ್ತಿಯಾದವಳು ಎಂದು ಟೈ ಮಾಮ ಮೆಟ್ಟಿಲಲ್ಲೇ ಪಿಸುಗುಟ್ಟಿದ. "ಗಟ್ಟಿ ಗಿರಾಕಿ. ಬಾಯಿ ಮುಚ್ಕೊಂಡಿರು," ಎಂದೂ ಸೇರಿಸಿದ. ಚಾವಿಯಪ್ಪ ಯಾವಾಗಲೂ ಮುಚ್ಚಿಕೊಂಡೇ ಇರುತ್ತಿದ್ದ, ಅದನ್ನು ಹೇಳುವ ಅಗತ್ಯವಿರಲಿಲ್ಲ.

ನರ್ಸಮ್ಮ ಉಳಿದವರಂತೆ ಕಿಟಕಿಯಾಚೆಯ ನೋಟ ನೋಡಲಿಲ್ಲ. ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿದಳು. ಬಚ್ಚಲ ತೂಬಿಗೆ ಬಗ್ಗಿ ಮೂಸಿದಳು. ರೋಗಿಯ ಹೊಟ್ಟೆ ತಟ್ಟುವ ಹಾಗೆ ಗೋಡೆಗಳನ್ನು ಬೆರಳಿಂದ ತಟ್ಟುತ್ತ ಬಂದಳು. ಒಳಗೋಣೆಗೆ ಬಂದವಳು, "ಕಾಲು ಎಳೀತಿದೆಯಪ್ಪ," ಎಂದು ನೆಲದ ಮೇಲೇ ಕೂತುಬಿಟ್ಟಳು. ಟೈ ಮಾಮ ಗಾಬರಿಯಾಗಿ, ಕಾಗದಪತ್ರ ಗಾಡಿಯಲ್ಲೇ ಉಳಿದಿದೆ, ತರುತ್ತೇನೆ ಎಂದು ಕೆಳಗಿಳಿದ. ಕೋಣೆಯಲ್ಲಿ ಉಳಿದವರು ಅವಳು, ಚಾವಿಯಪ್ಪ, ಮತ್ತು ಆ ಗೋಡೆ.

"ನೋಡಪ್ಪಾ, ಇಲ್ಲಿ ಬಾ," ಎಂದಳು ನರ್ಸಮ್ಮ. "ಟೈ ಕಟ್ಟಿದವರ ಮಾತು ಕೇಳಿ ಕೇಳಿ ಸಾಕಾಗಿದೆ. ನಾನು ಮೂವತ್ತಾರು ವರ್ಷ ಹಾಸ್ಟೆಲ್ ರೂಮಲ್ಲಿ ಇದ್ದು, ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದು ಇಷ್ಟೇ. ಇನ್ನೊಂದು ಸಲ ಕೂಡಿಡೋಕೆ ನಂಗೆ ವಯಸ್ಸಿಲ್ಲ. ನೀನು ಇಲ್ಲೇ ಓಡಾಡೋನು. ಈ ಮನೇಲಿ ಏನಾದ್ರೂ ಹುಳುಕಿದೆಯಾ?"

ಚಾವಿಯಪ್ಪ ಬಾಗಿಲ ಕಡೆ ತಿರುಗಿ ನೋಡಿದ. ಹನ್ನೊಂದು ವರ್ಷದಲ್ಲಿ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ನಿಜ ಹೇಳಿದರೆ ಈಯಮ್ಮ ಎದ್ದು ಹೋಗುತ್ತಾಳೆ, ಮನೆ ಉಳಿಯುತ್ತದೆ, ಮಗಳು ಪರೀಕ್ಷೆಗೆ ಕೂರುತ್ತಾಳೆ. ಯಾರಿಗೂ ಮೋಸವಿಲ್ಲ, ಪಾಪವಿಲ್ಲ. ಇಷ್ಟು ಸಲೀಸಾದ ನಿಜ ಅವನ ಜನ್ಮದಲ್ಲೇ ಸಿಕ್ಕಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಇದನ್ನು ತಾನು ಈಯಮ್ಮನಿಗೋಸ್ಕರ ಹೇಳುತ್ತಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾಚಿಕೆಯೂ ಆಯಿತು. ಆದರೂ ಬಾಯಿ ತೆರೆದೇಬಿಟ್ಟ.

"ಮಳೆಗಾಲದಲ್ಲಿ ಈ ಗೋಡೆ ನೆನೆಯುತ್ತಮ್ಮ. ಮೇಲಿನ ಮನೆ ಪೈಪು ಒಡೆದಿದೆ. ಈಗ ಕಾಣಲ್ಲ, ಬಣ್ಣ ಬಳಿದಿದೀನಿ. ಹಾಸಿಗೆ ಮಾತ್ರ ಈ ಕಡೆ ಹಾಕ್ಬೇಡಿ. ನಾವು ಆ ಕಡೆ ಎಳ್ಕೊಂಡಿದ್ವಿ, ಆದ್ರೂ ಚಿಕ್ಕವಳಿಗೆ ಕೆಮ್ಮು ಹಿಡ್ಕೊಂಡ್ಬಿಡ್ತು."

ನರ್ಸಮ್ಮ ತಲೆಯೆತ್ತಿದಳು. "ಯಾವ ಚಿಕ್ಕವಳಿಗೆ?"

ಹೋಯಿತು! ಹನ್ನೊಂದು ವರ್ಷ ಒಂದು ಕೂದಲು ಬಿಡದೆ ಒರೆಸಿದ್ದರು, ಈಗ ಚಾವಿಯಪ್ಪನೇ ಒಂದು ಮಾತಲ್ಲಿ ಇಡೀ ಸಂಸಾರವನ್ನೇ ತಂದು ನೆಲದ ಮೇಲೆ ಹರಡಿಬಿಟ್ಟಿದ್ದ. ಸುಳ್ಳು ಹುಡುಕಿದ, ಒಂದೂ ಸಿಗಲಿಲ್ಲ.

"ಈ ಮನೇಲಿ ಇದೀರಾ ನೀವು?" ಎಂದು ಅವಳು ಮೆಲ್ಲಗೆ ಕೇಳಿದಳು. ಅವನು ತಲೆ ತಗ್ಗಿಸಿದ. "ಈಗೆಲ್ಲಿದ್ದಾರೆ ಅವರು?" ಅವನು ಕಣ್ಣಲ್ಲೇ ಮೇಲಕ್ಕೆ ತೋರಿಸಿದ. ಅವಳು ಕೊಡೆಯೂರಿ ಎದ್ದು, "ನಡಿ, ಟೆರೇಸು ನೋಡೋಣ," ಎಂದಳು.

ಟ್ಯಾಂಕಿನ ಹಿಂದೆ ಹೆಂಡತಿ ಮೂಟೆಗೆ ಒರಗಿ ಕೂತಿದ್ದಳು. ಡಬ್ಬಿ ಆಗಷ್ಟೇ ಬಿಚ್ಚಿದ್ದಳು. ದೊಡ್ಡವಳು ಟ್ರಂಕಿನ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ಅಪರಿಚಿತಳನ್ನು ಕಂಡದ್ದೇ ಮೂವರೂ ದಡಬಡಿಸಿ ಎದ್ದರು. ಇವಳು ಗಂಡನ ಮುಖ ನೋಡಿದಳು, ಎಲ್ಲ ಗೊತ್ತಾಯಿತು. ನರ್ಸಮ್ಮ ಮಾತ್ರ ಯಾರ ಮುಖವನ್ನೂ ನೋಡದೆ ನೆಟ್ಟಗೆ ಚಿಕ್ಕವಳ ಹತ್ತಿರ ಹೋಗಿ ಬೆನ್ನಿಗೆ ಕಿವಿಯಿಟ್ಟು, "ಉಸಿರೆಳಿ. ಬಿಡು. ಇನ್ನೊಂದ್ಸಲ," ಎಂದಳು. "ಏನಿಲ್ಲ, ಎದೆ ಸ್ವಚ್ಛ ಇದೆ. ಶೀತದ ಕೆಮ್ಮು, ಹೋಗುತ್ತೆ." ದೊಡ್ಡವಳ ಪುಸ್ತಕ ತಿರುವಿ, ಪರೀಕ್ಷೆ ಯಾವಾಗ ಎಂದು ಕೇಳಿದಳು. ಮೂಟೆಗಳನ್ನು, ಸ್ಟೌವನ್ನು, ಸುತ್ತಿಟ್ಟ ಹಾಸಿಗೆಯನ್ನು ಒಂದೊಂದಾಗಿ ನೋಡಿದಳು. ಆಮೇಲೆ ಮೆಟ್ಟಿಲಿಳಿದು ಹೋದಳು.

"ಏನ್ರೀ ಹೇಳಿದ್ರಿ ಅವರಿಗೆ?"

"ಗೋಡೆ ವಿಷಯ. ಇನ್ನು ತಗೊಳ್ಳಲ್ಲ ಬಿಡು," ಎಂದ ಚಾವಿಯಪ್ಪ. ಹೇಳುವಾಗ ಅವನಿಗೇ ನಂಬಿಕೆಯಿರಲಿಲ್ಲ.

ಬುಧವಾರ ಯಜಮಾನರು ಕರೆಸಿದರು. ನರ್ಸಮ್ಮ ಎರಡು ದಿನ ಅವರ ಆಫೀಸಿನಲ್ಲಿ ಕೂತು, ಗೋಡೆಯ ರೋಗವನ್ನೂ 'ಹೊಸ' ಮನೆಯಲ್ಲಿ ಸಂಸಾರ ಇದ್ದದ್ದನ್ನೂ ಮೇಜಿನ ಮೇಲಿಟ್ಟು, ಬೆಲೆಯನ್ನು ಎಳೆದೆಳೆದು ಇಳಿಸಿ, ಮನೆಯನ್ನು ಕೊಂಡೇಬಿಟ್ಟಿದ್ದಳು. ರೋಗಕ್ಕೆ ಹೆದರಿ ಓಡುವವಳಾಗಿದ್ದರೆ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ಇರುತ್ತಿದ್ದಳೇ? ಚಾವಿಯಪ್ಪನಿಗೆ ಅದು ಹೊಳೆದದ್ದು ಆಗ.

"ನಿನ್ನ ಬಾಯಿಂದ ಎಷ್ಟು ನಷ್ಟ ಆಯ್ತು ಗೊತ್ತಾ ನಂಗೆ?" ಯಜಮಾನರು ಕೂಗಾಡಲಿಲ್ಲ, ಕೂಗಿದ್ದರೆ ವಾಸಿಯಿತ್ತು. "ಸೂರು ಕೊಟ್ಟೆ ಕಣೋ ನಿಂಗೆ." ಅವರು ಹೇಳಿದ್ದೂ ಸುಳ್ಳಲ್ಲವಲ್ಲ. ಚಾವಿಯಪ್ಪ ಸೊಂಟದ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟ. ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಬೇಕು, ಕೆಲಸವೂ ಅಲ್ಲಿಗೆ ಮುಗಿಯಿತು. ಶೆಡ್ಡೂ ಇಲ್ಲ. ದಾರಿಯುದ್ದಕ್ಕೂ ಅವನ ಕೈ ಸೊಂಟವನ್ನು ತಡಕುತ್ತಿತ್ತು.

ಮನೆಗೆ ಬಂದು ಹೇಳಿದಾಗ ಇವಳು ಕೈಯಲ್ಲಿದ್ದ ಪಾತ್ರೆಯನ್ನು ದಡಕ್ಕನೆ ನೆಲಕ್ಕೆ ಕುಕ್ಕಿದಳು. ಆ ಮನೆಯಲ್ಲಿ ಅಷ್ಟು ದೊಡ್ಡ ಸದ್ದು ಅದೇ ಮೊದಲು. "ಜನ್ಮವಿಡೀ ಬಾಯಿ ಮುಚ್ಕೊಂಡಿದ್ದವರಿಗೆ ನಿಜ ಹೇಳೋಕೆ ಇದೇ ಮನೆ ಬೇಕಿತ್ತಾ? ಇದೇ ವರ್ಷ ಬೇಕಿತ್ತಾ?" ಎಂದು ಅತ್ತಳು.

"ನಿಜ ಹೇಳ್ಬೇಕು ಅಂತ ಹೇಳ್ಲಿಲ್ಲ ಇವಳೇ. ಅವರು ತಗೋಬಾರ್ದು ಅಂತ ಹೇಳ್ದೆ," ಎಂದ. ಅವಳು ಅಳು ನಿಲ್ಲಿಸಿ ಅವನನ್ನೇ ನೋಡಿದಳು. "ಅಯ್ಯೋ ನನ್ನ ಜಾಣ!" ಎಂದು ನಗಲಾರದೆ ನಕ್ಕು, ಮತ್ತೆ ಅತ್ತಳು. ಊರಿನ ತಮ್ಮನಿಗೆ, ಬರುತ್ತೇವೆಂದು ಕಾಗದ ಬರೆಸಿದಳು. ದೊಡ್ಡವಳು ಕಿಟಕಿ ಕಟ್ಟೆಯ ಮೇಲೆ ಓದುತ್ತಲೇ ಇದ್ದಳು, ಪುಟ ಮಾತ್ರ ತಿರುಗುತ್ತಿರಲಿಲ್ಲ.

ಹದಿನೈದನೇ ದಿನ ಬೆಳಿಗ್ಗೆ ನರ್ಸಮ್ಮ ಒಂದು ಪೆಟ್ಟಿಗೆ, ಒಂದು ಮಡಿಸುವ ಮಂಚದೊಂದಿಗೆ ಬಂದಳು. ಮೂಟೆಗಳೆಲ್ಲ ಹೊಸಿಲ ಬಳಿ ಸಾಲಾಗಿದ್ದವು. ಅವಳು ಮಂಚದ ಮೇಲೆ ಕೂತು ಚಾವಿಯಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡಳು.

"ಒಂದು ಮಾತು ಕೇಳ್ತೀನಿ, ಬೆಣ್ಣೆ ಹಚ್ಚದೆ ಹೇಳು. ಅವತ್ತು ಗೋಡೆ ವಿಷಯ ನನಗೋಸ್ಕರ ಹೇಳಿದ್ಯಾ, ನಿನಗೋಸ್ಕರ ಹೇಳಿದ್ಯಾ?"

ಹೆಂಡತಿ ಹಿಂದಿನಿಂದ ಕಣ್ಸನ್ನೆ ಮಾಡುತ್ತಲೇ ಇದ್ದಳು. ಚಾವಿಯಪ್ಪನಿಗೆ ಸುಳ್ಳು ಹೇಳಿ ಉಳಿಸಿಕೊಳ್ಳಬೇಕಾದದ್ದು ಏನೂ ಉಳಿದಿರಲಿಲ್ಲ. "ನನಗೋಸ್ಕರ ಅಮ್ಮ. ನೀವು ತಗೋಬಾರ್ದು ಅಂತ. ದೊಡ್ಡವಳ ಪರೀಕ್ಷೆ ಇತ್ತು," ಎಂದ.

"ನನಗೋಸ್ಕರ ಅಂದಿದ್ರೆ ಒಂದು ನಮಸ್ಕಾರ ಹೇಳಿ ಕಳಿಸ್ಬೇಕು ಅಂದ್ಕೊಂಡಿದ್ದೆ. ನಿನಗೋಸ್ಕರ ಮಾಡ್ಕೊಂಡಿದ್ರಿಂದ ನಂಗೆ ಲಾಭ ಆಗಿ, ನಿಂಗೆ ಕೆಲಸ ಹೋಗಿದೆ. ಆ ಋಣ ಇಟ್ಕೊಳ್ಳೋದು ಸರಿ ಬರಲ್ಲ ನಂಗೆ," ಎಂದಳು ನರ್ಸಮ್ಮ. "ಪರೀಕ್ಷೆ ಮುಗಿಯೋ ದಿನದವರೆಗೆ ಈ ಹೊರಗಿನ ಕೋಣೇಲಿ ಇರಿ. ಅಷ್ಟರಲ್ಲಿ ನೀನು ಆ ಗೋಡೆ ಒಡೆದು, ಪೈಪು ಸರಿಮಾಡಿಸಿ, ಹೊಸದಾಗಿ ಕಟ್ಟಿ ಕೊಡಬೇಕು. ಬರೀ ಬಣ್ಣ ಬಳಿದು ಮುಚ್ಚಿದ್ರೆ ಗೊತ್ತಾಗುತ್ತೆ ನಂಗೆ. ಮುಗಿದ ಮಾರನೇ ದಿನ ನಿಮ್ಮ ದಾರಿ ನಿಮಗೆ. ಒಪ್ಪಿಗೆನಾ?"

ಒಪ್ಪದೆ ಏನು ಮಾಡುತ್ತಾರೆ! ಆ ಮೂರು ತಿಂಗಳು ಕಳೆದದ್ದೇ ತಿಳಿಯಲಿಲ್ಲ. ಚಾವಿಯಪ್ಪ ಗೋಡೆಯನ್ನು ಇಟ್ಟಿಗೆ ಕಾಣುವವರೆಗೆ ಕೆರೆದ. ಮೇಲಿನ ಮನೆಯವರ ಕಾಲುಕೈ ಹಿಡಿದು ಪೈಪು ಬದಲಾಯಿಸಿದ. ಅದನ್ನು ಕಂಡ ಅಕ್ಕಪಕ್ಕದ ಮನೆಯವರು ತಮ್ಮ ಗೋಡೆಗಳನ್ನೂ ತೋರಿಸಲು ಕರೆದರು. ಯಾವ ಮನೆಯ ಯಾವ ಮೂಲೆಯಲ್ಲಿ ಏನಿದೆ ಎಂಬುದು ಅವನಷ್ಟು ಚೆನ್ನಾಗಿ ಇನ್ನಾರಿಗೆ ಗೊತ್ತಿರಬೇಕು? ಕೂಲಿ ಸಂಬಳದಷ್ಟೇ ಆಗುತ್ತಿತ್ತು, ಒಂದು ವಾರ ಹೆಚ್ಚು, ಒಂದು ವಾರ ಕಮ್ಮಿ. ಒಲೆ ಒಂದೇ ಸಾಕೆಂದು ನರ್ಸಮ್ಮ ಅಡುಗೆಮನೆಯನ್ನು ಇವಳಿಗೆ ಬಿಟ್ಟಳು, ದಿನಸಿ ಅರ್ಧರ್ಧ. ಇಬ್ಬರೂ ಉಪ್ಪು ಜಾಸ್ತಿ ಕಮ್ಮಿ ಎಂದು ಜಗಳವಾಡುತ್ತಿದ್ದರು. ಸಂಜೆ ನರ್ಸಮ್ಮ ದೊಡ್ಡವಳಿಗೆ ಶರೀರದ ಪಾಠ ಹೇಳಿಕೊಡುತ್ತಿದ್ದಳು. ಎಲುಬಿನ ಹೆಸರು ಕಲಿಸಲು ಚಾವಿಯಪ್ಪನನ್ನೇ ಅಂಗಿ ಬಿಚ್ಚಿಸಿ ನಿಲ್ಲಿಸುತ್ತಿದ್ದಳು, ಎಣಿಸಲು ಸುಲಭವೆಂದು.

ಕೊನೇ ಪರೀಕ್ಷೆಯ ದಿನ ಬಂತು. ಮಧ್ಯಾಹ್ನ ದೊಡ್ಡವಳು ಬರುವಷ್ಟರಲ್ಲಿ ಹೆಂಡತಿ ಮೂಟೆ ಕಟ್ಟಿ ಮುಗಿಸಿದ್ದಳು. ಮಾರನೇ ಬೆಳಗಿನ ಬಸ್ಸು. ಎಲ್ಲೂ ಬಾಡಿಗೆ ಮನೆ ಕೈಗೆಟುಕಿರಲಿಲ್ಲ. ಚಾವಿಯಪ್ಪ ಮೂರು ವಾರ ಅಲೆದು ಚಪ್ಪಲಿ ಸವೆಸಿದ್ದಷ್ಟೇ ಬಂತು. ತಾಯಿ ಮಕ್ಕಳು ಊರಿಗೆ, ಅವನು ಜೊತೆಯ ಪೇಂಟರೊಬ್ಬನ ಕೋಣೆಯಲ್ಲಿ ಒಂದು ಚಾಪೆಯಗಲ ಜಾಗಕ್ಕೆ. 'ಎಲ್ಲ ಸರಿಹೋದ ಮೇಲೆ ಕರೆಸಿಕೊಳ್ಳೋದು' ಎಂದು ಇಬ್ಬರೂ ಹೇಳಿಕೊಳ್ಳುತ್ತಿದ್ದರು. ಹೇಳುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ದೊಡ್ಡವಳ ಕೈಯಲ್ಲಿ ಒಂದು ಖಾಲಿ ಕವರು ಇತ್ತು. "ಅಪ್ಪ, ರಿಸಲ್ಟು ಪೋಸ್ಟಲ್ಲಿ ಕಳಿಸ್ತಾರಂತೆ. ಮನೆ ವಿಳಾಸ ಬರೆದು ಇವತ್ತೇ ಕೊಡ್ಬೇಕಂತೆ," ಎಂದಳು. ಪೆನ್ನು ಹಿಡಿದು ನೆಲದ ಮೇಲೆ ಕೂತಳು. "ಏನು ಬರೀಲಿ? ಮಾವನ ಮನೇದು ಬರೀಲಾ?"

ಒಂಬತ್ತು ಮನೆಯ ಬಾಗಿಲು ತೆಗೆದ ಚಾವಿಯಪ್ಪನಿಗೆ ಒಂದು ಕವರಿನ ಮೇಲೆ ಬರೆಸಲು ಒಂದು ಸಾಲು ಇರಲಿಲ್ಲ. "ಹ್ಞೂಂ, ಮಾವನದೇ ಬರಿ," ಎಂದಳು ಇವಳು, ಗೋಡೆಯ ಕಡೆ ತಿರುಗಿ.

"ಯಾವ ಮಾವ? ಯಾರ ಮನೆ?" ನರ್ಸಮ್ಮ ಒಳಗೋಣೆಯ ಬಾಗಿಲಲ್ಲಿ ನಿಂತಿದ್ದಳು. ಬೆಳಗಿನಿಂದ ಅವಳ ಮುಖ ಬಿಗಿದಿತ್ತು, ಊಟಕ್ಕೂ ಸರಿಯಾಗಿ ಕೂತಿರಲಿಲ್ಲ. "ಮೂರು ದಿನದಿಂದ ಹೇಳ್ಬೇಕು ಅಂತಿದೀನಿ, ಬಾಯೇ ಬರ್ತಿಲ್ಲ ನಂಗೆ," ಎಂದು ಸಿಡುಕಿದಳು. "ನನ್ನ ಪಿಂಚಣೀಲಿ ಒಬ್ಬಳೇ ಈ ಮನೆ ನಡೆಸೋಕಾಗಲ್ಲ. ಕೊಂಡಿದ್ದೊಂದೇ ಗೊತ್ತಾಗಿದ್ದು, ಆಮೇಲಿನ ಖರ್ಚು ಯಾರೂ ಹೇಳ್ಲಿಲ್ಲ. ನಿನ್ನ ದುಡಿಮೇಲಿ ನಿಂಗೂ ಈ ಊರಲ್ಲಿ ಆಗಲ್ಲ. ಸೇರಿ ಇದ್ದಾಗ ಈ ಮೂರು ತಿಂಗಳು ನಡೀತಲ್ಲ! ಕೈಲಾದಷ್ಟು ಬಾಡಿಗೆ ಕೊಡಿ, ಇರಿ. ಇರ್ತೀರೋ, ಹೋಗ್ತೀರೋ?"

ಹೆಂಡತಿ ಮೂಟೆಯ ಪಕ್ಕ ಕುಸಿದು ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಇರುತ್ತೇವೆ ಎನ್ನುವಂತೆ ಜೋರಾಗಿ ತಲೆಯಾಡಿಸಿದಳು. ಚಿಕ್ಕವಳು ಆಗಲೇ ಮೂಟೆಯ ಗಂಟು ಬಿಚ್ಚತೊಡಗಿದ್ದಳು.

ದೊಡ್ಡವಳು ಬಗ್ಗಿ ನಿಧಾನವಾಗಿ ಬರೆದಳು. ಮೇಲೆ ಅಪ್ಪನ ಹೆಸರು, ಸಂಬಳದ ಪುಸ್ತಕದಲ್ಲಿದ್ದ ಪೂರ್ತಿ ಹೆಸರು. ಕೆಳಗೆ ಮನೆಯ ನಂಬರು, ಎರಡನೇ ಮಹಡಿ, ರಸ್ತೆ. ಚಾವಿಯಪ್ಪ ಅದನ್ನು ಕೈಗೆತ್ತಿಕೊಂಡು ಎರಡು ಸಲ ಓದಿದ. ಹೆಬ್ಬೆರಳ ಗುರುತು ಬೀಳದಂತೆ ಅಂಚಿನಲ್ಲೇ ಹಿಡಿದಿದ್ದ.

"ಹೀಗೆ ಬರೆದ್ರೆ ತಪ್ಪಾಗಲ್ವೇನಮ್ಮ?" ಎಂದ.

"ತಪ್ಪೇನಪ್ಪ ಅದ್ರಲ್ಲಿ?" ಎಂದಳು ಮಗಳು. "ನಾವು ಇಲ್ಲೇ ಇದ್ದೀವಲ್ಲ."

ಚಾವಿಯಪ್ಪ ಹೌದೆಂದು ತಲೆಯಾಡಿಸಿ, ಇನ್ನೊಂದು ಸಲ ಓದಿ, ಕವರನ್ನು ಮಗಳ ಕೈಗೆ ಕೊಟ್ಟ.